ಮತ್ಸ್ಯಪೀಠಾಧಿಪತಿ

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಗೆ ಬಾಯಿಮಟ್ಟ ತುಂಬಿದರೆ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ ಒಂದು ಕಿಲೋ ಎಂದರೆ ನೀರೇ 255 ಕಿಲೋ ಆಯಿತು. 10 ಎಂಎಂ ಗಾಜಿನ ತೂಕ ಮೇಲೆ ಇನ್ನೊಂದು 50 ಕಿಲೋ. ತಳಕ್ಕೆ ಹರಡುವ ಸಣ್ಣ ಕಲ್ಲು, ನಡುವೆ ನಿಲ್ಲಿಸುವ ಬಂಡೆ, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ ಎಲ್ಲ ಸೇರಿದರೆ 350 ಕಿಲೋದ ಹತ್ತಿರ ಬರುತ್ತದೆ. ಇದರಲ್ಲಿ ಮೀನಿನ ಪಾಲು ಇನ್ನೂರು ಗ್ರಾಂ ಇದ್ದರೆ ಹೆಚ್ಚು. ಆ ಇನ್ನೂರು ಗ್ರಾಂ ನೋಡಲು ನೆಂಟರು ಬರುತ್ತಾರೆ, ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ, ದೊಡ್ಡವರು ಮೊಬೈಲ್ ತೆಗೆಯುತ್ತಾರೆ. ಉಳಿದದ್ದನ್ನೆಲ್ಲ ಹಗಲೂ ರಾತ್ರಿ ಹೊತ್ತು ನಿಂತ ಸ್ಟ್ಯಾಂಡಿನ ಕಡೆ ಒಬ್ಬರೂ ತಿರುಗಿ ನೋಡುವುದಿಲ್ಲ. ಈ ಅನ್ಯಾಯವನ್ನು ಸರಿಪಡಿಸಲು ಮೈಸೂರಿನಲ್ಲಿ ಒಬ್ಬ ಟೊಂಕ ಕಟ್ಟಿ ನಿಂತ. ಅವನು ನಾನು.

ನನ್ನ ಯೋಗ್ಯತೆ ಏನು ಎಂದು ಕೇಳುವವರಿಗೆ ಉತ್ತರ ಕೊಡಬೇಕು. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ ದೇಶದಾದ್ಯಂತ 78 ಸಾವಿರಕ್ಕೂ ಹೆಚ್ಚು ಮಂದಿ ಒಂದೇ ದಿನ ಸ್ವಯಂನಿವೃತ್ತಿ ಪಡೆದು ಮನೆಗೆ ಹೋದರಲ್ಲ, ಆ ಗುಂಪಿನಲ್ಲಿ ನಾನೂ ಇದ್ದೆ. ಅದಕ್ಕೂ ಮರಗೆಲಸಕ್ಕೂ ಏನು ಸಂಬಂಧ? ಇದೆ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬ್ಯಾಟರಿ ರೂಮ್ ಅಂತ ಒಂದಿರುತ್ತಿತ್ತು. ಎರಡೆರಡು ವೋಲ್ಟಿನ 24 ಸೆಲ್ಲುಗಳನ್ನು ಸಾಲಾಗಿ ಕೂಡಿಸಿ 48 ವೋಲ್ಟ್ ಮಾಡುತ್ತಿದ್ದರು. ಊರಿಗೆಲ್ಲ ಕರೆಂಟು ಹೋದರೂ ಮನೆಯ ಫೋನು ಗೊಣಗುಟ್ಟುತ್ತಿದ್ದದ್ದು ಅದರ ದಯೆಯಿಂದ. ಸೀಸ, ಆಸಿಡ್ಡು ತುಂಬಿದ ಆ ಸೆಲ್ಲುಗಳನ್ನು ಹೊರುತ್ತಿದ್ದದ್ದು ಆಸಿಡ್ ತಡೆಯುವ ಕಪ್ಪು ಬಣ್ಣ ಬಳಿದ ತೇಗದ ಸ್ಟ್ಯಾಂಡು. ಆಮೇಲೆ ಸೀಲ್ ಮಾಡಿದ ಹೊಸ ಬ್ಯಾಟರಿಗಳು ತಮ್ಮ ಕಬ್ಬಿಣದ ಗೂಡನ್ನು ತಾವೇ ತಂದುಕೊಂಡವು. ತೇಗದ ಸ್ಟ್ಯಾಂಡುಗಳು ಹರಾಜಿಗೆ ಹೋದವು. ಹರಾಜು ಹಿಡಿದ ಗುಜರಿಯವನಿಂದ ಒಂದನ್ನು ಕೊಂಡು ಮನೆಗೆ ತಂದೆ. ಕಪ್ಪು ಬಣ್ಣ ಕೆರೆದು ಉಪ್ಪುಕಾಗದ ಉಜ್ಜಿದರೆ ಒಳಗೆ ಜೇನುಬಣ್ಣದ ಮರ, ಎಳೆ ಎಳೆಯಾಗಿ. ಅದರ ಮೇಲೆ ಮಗಳ ಮೀನಿನ ತೊಟ್ಟಿ ಇಟ್ಟೆವು.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮನೆಯಲ್ಲಿ ಕೂತು ಏನು ಮಾಡುವುದೆಂದು ತಿಳಿಯದ ಜನ ಮೊದಲು ಬ್ರೆಡ್ಡು ಮಾಡಿದರು, ಆಮೇಲೆ ಮೀನು ಸಾಕಿದರು. ನಮ್ಮ ಬೀದಿಯಲ್ಲೇ ಮನೆಮನೆಗೆ ತೊಟ್ಟಿ ಬಂತು. ಬಾಗಿಲಲ್ಲಿ ನಿಂತು ಮಾಸ್ಕಿನೊಳಗಿಂದಲೇ ಎಲ್ಲರೂ ನಮ್ಮ ಸ್ಟ್ಯಾಂಡನ್ನು ಹೊಗಳಿದರು. ಭಾವಮೈದುನನಂತೂ ಫೋಟೊ ನೋಡಿ ಫೋನಿನಲ್ಲೇ ಹೇಳಿದ, "ಭಾವ, ಇದನ್ನ ಮಾಡಿ ಮಾರಿದ್ರೆ ಜನ ಕ್ಯೂ ನಿಲ್ತಾರೆ." ಕ್ಯೂ ನಿಂತಿದ್ದರೆ ಅವನೂ ನಿಲ್ಲಬೇಕಿತ್ತು. ಅವನು ಇವತ್ತಿಗೂ ಒಂದು ಸ್ಟ್ಯಾಂಡ್ ಕೊಂಡಿಲ್ಲ. ನನಗೆ 'ಮತ್ಸ್ಯಪೀಠಾಧಿಪತಿಗಳು' ಎಂದು ಬಿರುದು ಕೊಟ್ಟದ್ದು ಮಾತ್ರ ಅವನೇ.

ವ್ಯಾಪಾರಕ್ಕೆ ಇಳಿಯುವ ಮುಂಚೆ ಮಾರುಕಟ್ಟೆ ಸಮೀಕ್ಷೆ ಮಾಡಬೇಕು ಎಂದು ಓದಿದ್ದೆ. ಮೈಸೂರಿನ ಮೀನಿನ ಅಂಗಡಿಗಳನ್ನು ಸುತ್ತಿದ್ದಾಯಿತು, ಬೆಂಗಳೂರಿಗೆ ಹೋಗಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತ ಕವರಿನಲ್ಲಿ ತೂಗುವ ಮೀನುಗಳ ಮಧ್ಯೆ ನುಸುಳಿದ್ದೂ ಆಯಿತು. ಎಲ್ಲ ಕಡೆ ಇದ್ದದ್ದು ಒಂದೇ ಕಥೆ. ಕಬ್ಬಿಣದ ಆಂಗಲ್ ಕತ್ತರಿಸಿ ವೆಲ್ಡ್ ಮಾಡಿ ಕಪ್ಪು ಬಣ್ಣ ಬಳಿದ ಸ್ಟ್ಯಾಂಡು. ಅದರ ಮೇಲೆ ಒಂದು ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಥರ್ಮಕೋಲ್, ಥರ್ಮಕೋಲಿನ ಮೇಲೆ ತೊಟ್ಟಿ. ಹಲಗೆಯಲ್ಲಿ ಎಲ್ಲೋ ಒಂದು ಮರಳಿನ ಕಾಳು ಸಿಕ್ಕಿಕೊಂಡಿದ್ದರೆ ಗಾಜಿನ ತಳಕ್ಕೆ ಅಲ್ಲೇ ಒತ್ತಡ ಬಿದ್ದು ಸೀಳು ಬಿಡುತ್ತದೆ, ಆ ಕಾಳನ್ನು ಥರ್ಮಕೋಲ್ ನುಂಗಿಕೊಳ್ಳುತ್ತದೆ. ಸ್ವಲ್ಪ ದುಡ್ಡಿದ್ದವರಿಗೆ ಬಾಗಿಲಿರುವ ಪಾರ್ಟಿಕಲ್ ಬೋರ್ಡಿನ ಕಪಾಟು. ಅದು ಮೊದಲ ದಿನ ಕಣ್ಣಿಗೆ ಕುಕ್ಕುತ್ತದೆ. ಪಂಪಿನ ಪೈಪಿನಿಂದ ನೀರು ತೊಟ್ಟಿಕ್ಕಿ ಅಂಚು ನೆನೆದರೆ ಒಳಗಿನ ಮರದಪುಡಿ ನೀರು ಕುಡಿದು ಉಬ್ಬಿ, ಬಾಗಿಲು ಮುಚ್ಚುವುದೇ ನಿಲ್ಲುತ್ತದೆ.

ಒಬ್ಬ ಅಂಗಡಿಯವರು ಮೀನು ಹಿಡಿಯುವ ಜಾಲರಿಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು: "ಸಾರ್, ಜನ ಮೀನು ತಗೋತಾರೆ, ತೊಟ್ಟಿ ತಗೋತಾರೆ, ಮೋಟ್ರು ತಗೋತಾರೆ, ಮೊಸಳೆ ತಗೋತಾರೆ. ಸ್ಟ್ಯಾಂಡ್ ಬೇಕಾ ಅಂದ್ರೆ ಮಾತ್ರ 'ಮನೇಲಿ ಹಳೇ ಟೇಬಲ್ ಇದೆ' ಅಂತಾರೆ."

ಇದನ್ನು ಕೇಳಿದ ಬೇರೆ ಯಾರಾದರೂ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರು. ನಾನು ಡೈರಿಯಲ್ಲಿ ಬರೆದುಕೊಂಡೆ: 'ಈ ಕ್ಷೇತ್ರದಲ್ಲಿ ಪೈಪೋಟಿ ಇಲ್ಲ.'

ಮರಗೆಲಸಕ್ಕೆ ನನಗೆ ಸಿಕ್ಕ ಆಚಾರ್ರು ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ಕಿವಿಯ ಮೇಲೆ ಪೆನ್ಸಿಲು, ಬಾಯಲ್ಲಿ ಎಲೆಅಡಿಕೆ. ನಾನು ಗ್ರಾಫ್ ಕಾಗದದಲ್ಲಿ ಬರೆದ ನಕ್ಷೆಯನ್ನು ಅವರು ತಿರುಗಿಸಿ ನೋಡಿದರು, ಮತ್ತೆ ತಿರುಗಿಸಿ ನೋಡಿದರು, ಕೊನೆಗೆ ಮಡಿಚಿ ಜೇಬಿಗೆ ಹಾಕಿಕೊಂಡು, "ಮೀನು ಎಷ್ಟುದ್ದ ಐತೆ ಸಾರ್?" ಎಂದರು. ಕೈಬೆರಳು ತೋರಿಸಿದೆ. ಮತ್ತೇನೂ ಕೇಳಲಿಲ್ಲ.

ಟಿಂಬರ್ ಯಾರ್ಡಿಗೆ ಇಬ್ಬರೂ ಹೋದೆವು. ತೇಗ ಎಂದರೆ ನನ್ನ ಮಟ್ಟಿಗೆ ದಾಂಡೇಲಿ. ಅಲ್ಲಿ ನೋಡಿದರೆ ಬರ್ಮಾ ತೇಗ, ಘಾನಾ ತೇಗ, ಈಕ್ವೆಡಾರ್ ತೇಗ ಎಂದು ಮೂರು ಖಂಡದ ಮರ ಒಂದೇ ಶೆಡ್ಡಿನಲ್ಲಿ ಮಲಗಿತ್ತು. ರೇಟು ಕೇಳಿದ ಮೇಲೆ ದಾಂಡೇಲಿಯ ಮೇಲೆ ಇದ್ದ ಅಭಿಮಾನವನ್ನು ಘನ ಅಡಿಯ ಲೆಕ್ಕದಲ್ಲಿ ಇಳಿಸಿಕೊಳ್ಳುತ್ತ ಬಂದೆ. ಚೌಕಟ್ಟಿಗೆ ಮಾತ್ರ ತೇಗ, ಮಿಕ್ಕದ್ದಕ್ಕೆ ಒಳ್ಳೆಯ ಪ್ಲೈವುಡ್ ಎಂದು ತೀರ್ಮಾನವಾಯಿತು. ಪ್ಲೈವುಡ್‌ನಲ್ಲಿಯೂ ಜಾತಿ ಇದೆ. ಐಎಸ್ 303 ಎಂಬುದು ಸಾಧಾರಣದ್ದು, ಐಎಸ್ 710 ಎಂಬುದು ನೀರಿಗೆ ಜಗ್ಗದ್ದು. ಆ 710 ದರ್ಜೆಯ ಹಲಗೆಯನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು, ಅದು ಪರೀಕ್ಷೆ. ಅಂಗಡಿಯವರು ಮುದ್ರೆ ತೋರಿಸಿದರು. ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದಲ್ಲ? ಬಾಳೆಲ್ಲ ಸರ್ಕಾರಿ ಸೀಲು ಒತ್ತಿದವನಿಗೆ ಅದು ಗೊತ್ತು. ಒಂದು ತುಂಡನ್ನು ಮನೆಗೆ ತಂದು ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲಿಟ್ಟೆ.

ಮೊದಲ ದಿನ ಮನೆಯಾಕೆ ಏನೂ ಹೇಳಲಿಲ್ಲ. ಮಾರನೆಯ ದಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ರೀ, ಹಲಗೆ ಬೆಂದಿದ್ರೆ ಇಳಿಸಿ, ಹುಳಿಗೆ ಬೇಳೆ ಇಡಬೇಕು" ಎಂದಳು. ಇನ್ನೂ ಬೆಂದಿಲ್ಲ, 72 ಗಂಟೆ ಬೇಕು ಅಂದೆ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಫಿನಾಲಿನಂತಹ ಒಂದು ವಾಸನೆ ಹಬ್ಬಿ, ಪಕ್ಕದ ಮನೆಯವರು ಯಾವ ಕಷಾಯ ಎಂದು ವಿಚಾರಿಸಿಕೊಂಡು ಹೋದರು. ಆಗ ಕಷಾಯದ ಕಾಲ. ಒಂದು ಲೋಟ ಕೇಳಿದರೆ ಏನು ಗತಿ ಎಂದು ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದೆ. ಪರೀಕ್ಷೆ ಮುಗಿಯುವ ಮುನ್ನ ಸಿಲಿಂಡರ್ ಮುಗಿಯಿತು. ಹಲಗೆ ಪದರ ಬಿಡಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ. ಆ ಪಾತ್ರೆಯಲ್ಲಿ ಆಮೇಲೆ ನಮ್ಮ ಮನೆಯಲ್ಲಿ ಯಾರೂ ಏನೂ ಬೇಯಿಸಿಲ್ಲ ಎಂಬುದನ್ನೂ.

ಮೊದಲ ಸ್ಟ್ಯಾಂಡು ತಯಾರಾಯಿತು. ತೂಕ ಮರದಿಂದ ಮರಕ್ಕೆ ಇಳಿಯಬೇಕು, ಸ್ಕ್ರೂ ಮೇಲೆ ಬೀಳಬಾರದು ಎನ್ನುವುದು ಆಚಾರ್ರ ಮಂತ್ರ. ಮೇಲಿನ ಚೌಕಟ್ಟು ನೇರವಾಗಿ ಕಾಲುಗಳ ನೆತ್ತಿಯ ಮೇಲೆ ಕೂತಿರಬೇಕು, ಸ್ಕ್ರೂಗೆ ಹಿಡಿದುಕೊಳ್ಳುವ ಕೆಲಸ ಮಾತ್ರ, ಹೊರುವ ಕೆಲಸ ಇಲ್ಲ. ಅದನ್ನು ನಾನು ಒಪ್ಪಿದೆ. ಅವರ ಎರಡನೇ ಮಾತನ್ನು ಒಪ್ಪಲಿಲ್ಲ. "ಹಿಂದಕ್ಕೆ ಪೂರ್ತಿ ಹಲಗೆ ಹೊಡೀಬೇಕು ಸಾರ್, ಇಲ್ದಿದ್ರೆ ಓಲಾಡ್ತದೆ" ಎಂದರು. ಹಿಂಭಾಗ ಗೋಡೆಯ ಕಡೆಗಿರುತ್ತದೆ, ಯಾರು ನೋಡುತ್ತಾರೆ, ಪೈಪು ವೈರು ಹೋಗಲು ಜಾಗ ಬೇಕು, ಅಲ್ಲದೆ ಅರ್ಧ ಹಾಳೆ ಪ್ಲೈವುಡ್ ಉಳಿಯುತ್ತದೆ. ಎಕ್ಸ್‌ಚೇಂಜಿನ ಬ್ಯಾಟರಿ ಸ್ಟ್ಯಾಂಡಿಗೆ ಹಿಂದೆ ಹಲಗೆ ಇತ್ತೇ? ಇರಲಿಲ್ಲ. ಅದಕ್ಕೆ ಅಡ್ಡಪಟ್ಟಿಗಳಿದ್ದವು ಎನ್ನುವುದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

350 ಕಿಲೋ ಹೊರುತ್ತದೆಯೇ ಎಂದು ನೋಡಲು ಗೌರಿಹಬ್ಬಕ್ಕೆ ಬಂದ ನೆಂಟರನ್ನೇ ಬಳಸಿಕೊಂಡೆ. ತಲೆಗೆ 70 ಕಿಲೋ ಎಂದರೂ ಐದು ಜನ ಸಾಕು. ಒಬ್ಬೊಬ್ಬರನ್ನಾಗಿ ಸ್ಟೂಲಿನ ಮೇಲಿಂದ ಹತ್ತಿಸಿ ನಿಲ್ಲಿಸಿದೆ. ಸ್ಟ್ಯಾಂಡ್ ಕಮಕ್ ಕಿಮಕ್ ಅನ್ನಲಿಲ್ಲ. ಆರತಕ್ಷತೆಯ ವೇದಿಕೆಯ ಮೇಲೆ ನಿಂತ ಗಾಂಭೀರ್ಯ ಐದೂ ಮುಖಗಳಲ್ಲಿ ಬಂತು. ಫೋಟೊ ತೆಗೆಯೋಣ ಎಂದೆ. "ಎಲ್ಲರೂ ಸ್ವಲ್ಪ ಬಲಕ್ಕೆ ಬನ್ನಿ" ಎಂದು ನಾನೇ ಹೇಳಿದೆ.

ಬಂದರು. ಸ್ಟ್ಯಾಂಡೂ ಬಂತು. ಹೈಸ್ಕೂಲಿನಲ್ಲಿ ಆಯತ ಯಾವಾಗ ಸಮಾಂತರ ಚತುರ್ಭುಜವಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಐದು ಜನ ನೆಂಟರ ಸಮೇತ ಅದನ್ನು ನೋಡುವ ಯೋಗ ನನ್ನದಾಯಿತು. ಕಾಲು ಮುರಿಯಲಿಲ್ಲ, ಹಲಗೆ ಸೀಳಲಿಲ್ಲ, ಒಂದೂ ಸ್ಕ್ರೂ ಕಿತ್ತು ಬರಲಿಲ್ಲ. ಎಲ್ಲವೂ ಹಾಗ್ಹಾಗೇ ಇದ್ದು ನಿಧಾನವಾಗಿ, ಮರ್ಯಾದೆಯಿಂದ, ಬಲಕ್ಕೆ ಒರಗಿ ಮಲಗಿತು. ಸೋದರತ್ತೆ ದಿವಾನದ ಮೇಲೆ ಬಿದ್ದರು, ಮಿಕ್ಕವರು ಸೋದರತ್ತೆಯ ಮೇಲೆ. ಅತ್ತೆ ಎದ್ದು ಸೆರಗು ಸರಿಮಾಡಿಕೊಂಡು ಕೇಳಿದ ಮೊದಲ ಪ್ರಶ್ನೆ, "ಇದರ ಮೇಲೆ ನೀರಿಟ್ಟು ಮೀನು ಬಿಡ್ತೀಯೇನೋ?" ಆಚಾರ್ರು ಮಾರನೆಯ ದಿನ ಬಂದು ನೋಡಿ ಏನೂ ಮಾತಾಡದೆ ಹಿಂದಕ್ಕೆ ಹಲಗೆ ಹೊಡೆದರು. ಪೈಪಿಗೆ ಎರಡು ತೂತು ಕೊರೆದುಕೊಟ್ಟರು, ಅಷ್ಟಕ್ಕೇ. ಅವತ್ತಿನಿಂದ ನಮ್ಮ ಸ್ಟ್ಯಾಂಡುಗಳು ಆನೆ ತಳ್ಳಿದರೂ ಅಲುಗುವುದಿಲ್ಲ.

ಆನೆ ಎಂದಾಗ ಇನ್ನೊಂದು ನೆನಪಾಯಿತು. ಕುರ್ಚಿ ಮೇಜಿನ ದರ್ಜೆ ಸಾಲದು, ಮೈಸೂರಿನ ಮುದ್ರೆ ಬೇಕು ಎಂದು ನನಗೆ ಹೊಳೆಯಿತು. ಮಂಡಿ ಮೊಹಲ್ಲಾದ ಕಡೆ ಬೀಟೆ ಮರದಲ್ಲಿ ಕುಸುರಿ ಕೂರಿಸುವ ಕಸುಬುದಾರರಿದ್ದಾರೆ. ಭೌಗೋಳಿಕ ಗುರುತು ಸಿಕ್ಕಿರುವ ಕಲೆ ಅದು. ಹಿಂದೆ ದಂತ ಕೂರಿಸುತ್ತಿದ್ದರು, ದಂತಕ್ಕೆ ನಿಷೇಧ ಬಂದ ಮೇಲೆ ಬಣ್ಣಬಣ್ಣದ ಮರದ ಚೂರು, ಪ್ಲಾಸ್ಟಿಕ್. ಬೀಟೆಯ ಹಲಗೆಯಲ್ಲಿ ಕೂದಲೆಳೆಯ ಅಂತರವಿಲ್ಲದೆ ಗುಳಿ ತೋಡಿ, ಹಲಸಿನ ಮರದ ಹಳದಿ ತುಣುಕನ್ನು ಅಂಟಿನ ಜೊತೆ ಒತ್ತಿ ಕೂರಿಸಿದರೆ ಬೆರಳಾಡಿಸಿದರೂ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುವುದಿಲ್ಲ. ಅಂಥ ಒಬ್ಬರ ಬಳಿ ಹೋಗಿ, ಸ್ಟ್ಯಾಂಡಿನ ಬಾಗಿಲಿಗೆ ಒಂದು ಮೀನು ಬೇಕು ಎಂದೆ. ಮಾದರಿಗೆ ಫ್ಲವರ್‌ಹಾರ್ನ್ ಮೀನಿನ ಫೋಟೊ ಕೊಟ್ಟೆ. ಇದು ಮನುಷ್ಯರು ತಳಿ ಬೆರೆಸಿ ಮಾಡಿದ ಮೀನು. ತಲೆಯ ಮೇಲೆ ದೊಡ್ಡ ಗುಬುಟು, ಗುಬುಟು ದೊಡ್ಡದಾದಷ್ಟೂ ಬೆಲೆ ಜಾಸ್ತಿ, ಸಾಕಿದವರಿಗೆ ಅದೃಷ್ಟ ಎಂಬ ನಂಬಿಕೆ ಬೇರೆ.

ಅವರದು ಆಯುಷ್ಯವೆಲ್ಲ ದಸರಾ ಆನೆ ಕೂರಿಸಿದ ಕೈ. ಫೋಟೊದಲ್ಲಿ ಕುಂಭಸ್ಥಳ ನೋಡಿದರು, ಮಿಕ್ಕದ್ದನ್ನು ಕೈಯೇ ತೀರ್ಮಾನಿಸಿತು. ಸೊಂಡಿಲಿಲ್ಲ, ದಂತವಿಲ್ಲ, ಬಾಲ ಮೀನಿನದೇ. ಆದರೂ ನೋಡಿದವರೆಲ್ಲ "ಆನೆ ಚೆನ್ನಾಗಿದೆ" ಅಂದರು. ನನ್ನ ಕಣ್ಣಿಗೂ ಒಂದು ಅಂಬಾರಿ ಇಟ್ಟಿದ್ದರೆ ಪೂರ್ತಿಯಾಗುತ್ತಿತ್ತು ಅನ್ನಿಸಿತು. ಹೇಳಿದ ದುಡ್ಡು ಕೊಟ್ಟು ಬಂದೆ. ಕೆಲಸದಲ್ಲಿ ಒಂದು ಊನವಿರಲಿಲ್ಲ.

ಮೊದಲ ಗಿರಾಕಿ ಸಿಕ್ಕಿದ್ದು ಅಗ್ರಹಾರದಲ್ಲಿ, ನಿವೃತ್ತ ಮೇಷ್ಟ್ರು. ಮೊಮ್ಮಗಳಿಗೆ ಮೀನು ಬೇಕಂತೆ. ಹಳೆಯ ತೊಟ್ಟಿಮನೆ, ಕೆಂಪು ಗಾರೆ ನೆಲ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಆ ಸ್ಟ್ಯಾಂಡನ್ನು ಕಾರ್ಖಾನೆಯಲ್ಲಿ (ನಮ್ಮ ಕಾರು ಶೆಡ್ಡಿನಲ್ಲಿ) ರಸಮಟ್ಟ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿಯೇ ಟೆಂಪೊಗೆ ಏರಿಸಿದ್ದು. ಗುಳ್ಳೆ ನಟ್ಟನಡುವೆ ನಿಂತಿತ್ತು. ಮೇಷ್ಟ್ರ ಮನೆಯಲ್ಲಿ ಇಳಿಸಿ, ತೊಟ್ಟಿ ಕೂರಿಸಿ, ಬಿಂದಿಗೆ ಬಿಂದಿಗೆ ನೀರು ಸುರಿದು ಕೈ ಒರೆಸಿಕೊಂಡು ದೂರ ನಿಂತು ನೋಡಿದೆವು. ಎಡಗಡೆ ನೀರು ಅಂಚಿಗೆ ಮುತ್ತಿಡುತ್ತಿತ್ತು. ಬಲಗಡೆ ಅಂಚಿನಿಂದ ಮುಕ್ಕಾಲು ಇಂಚು ಕೆಳಗಿತ್ತು.

"ಏನ್ರೀ ಇದು, ನೀರು ವಾಲಿದೆಯಲ್ಲ?"

"ನೀರು ವಾಲೋದಿಲ್ಲ ಸಾರ್. ತೊಟ್ಟಿ ವಾಲಿದೆ."

"ಅಂದ್ರೆ ನಿಮ್ಮ ಸ್ಟ್ಯಾಂಡ್ ವಾಲಿದೆ."

"ಸ್ಟ್ಯಾಂಡ್ ನೆಟ್ಟಗಿದೆ ಸಾರ್. ಮನೆ ವಾಲಿದೆ."

ಮೇಷ್ಟ್ರು ಕನ್ನಡಕ ತೆಗೆದರು. "ಇದು ನಮ್ಮ ತಾತ ಕಟ್ಟಿಸಿದ ಮನೆ ಕಣ್ರೀ. ನಾಲ್ವಡಿಯವರ ಕಾಲದ್ದು."

ನಾನು ಸತ್ಯದ ಪರವಾಗಿ ನಿಂತೆ. ಹಳೆಯ ಮನೆಗಳಲ್ಲಿ ನೆಲಕ್ಕೆ ವಾಟ ಕೊಟ್ಟಿರುತ್ತಾರೆ, ನೀರು ಸುರಿದು ತೊಳೆದರೆ ತಾನಾಗಿ ಮೋರಿಯ ಕಡೆ ಹೋಗಲಿ ಅಂತ. ತಾತನವರು ಬುದ್ಧಿವಂತರು, ಬೇಕೆಂದೇ ಮಾಡಿಸಿದ ವಾಟ ಅದು. ರಸಮಟ್ಟವನ್ನು ನೆಲದ ಮೇಲಿಟ್ಟು ಗುಳ್ಳೆ ಓಡಿಹೋದದ್ದನ್ನು ಬೆರಳಿಟ್ಟು ತೋರಿಸಿದೆ. ಮೇಷ್ಟ್ರು ಗುಳ್ಳೆಯನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು. ಆಚಾರ್ರು ಏನೂ ಕಾಣದವರ ಹಾಗೆ ನೀರು ಖಾಲಿ ಮಾಡಿಸಿ, ಜೇಬಿನಿಂದ ಎರಡು ಚೂರು ತೇಗ ತೆಗೆದು, ಉಳಿಯಲ್ಲಿ ಸವರಿ, ಎಡಗಾಲುಗಳಿಗೆ ಬೆಣೆ ಕೊಟ್ಟರು. ನೀರು ಮಟ್ಟಕ್ಕೆ ಬಂತು. ಅಷ್ಟು ಪಾಲಿಶಿನ ಸ್ಟ್ಯಾಂಡಿನ ಕೆಳಗೆ ಹಸಿ ಬೆಣೆ ಹಲ್ಲು ಕಿರಿಯುತ್ತಿತ್ತು. "ಬೆಣೆಗೂ ಪಾಲಿಶ್ ಹಾಕ್ಸಿಬಿಡಿ," ಎಂದರು ಮೇಷ್ಟ್ರು, ಬಾಕಿ ದುಡ್ಡು ಎಣಿಸುವುದನ್ನು ನಿಲ್ಲಿಸಿ. ಹಾಕಿಸಿದೆ.

ಪಾಲಿಶಿನ ಕಥೆಯೂ ಹೇಳಬೇಕು. ಈಗಿನವರು ಪಿಯು, ಅಂದರೆ ಪಾಲಿಯುರೆಥೇನ್, ಹೊಡೆಸುತ್ತಾರೆ. ಅದು ಮರದ ಮೇಲೆ ಗಾಜು ಸುರಿದ ಹಾಗೆ ಕಾಣುತ್ತದೆ ಎಂದು ನನ್ನ ಮುನಿಸು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಸುತ್ತಿಸುತ್ತಿ ಉಜ್ಜಿ ತರುವ ಹಳೆಯ ಹೊಳಪೇ ಬೇಕು ಎಂದು ಹಟ ಹಿಡಿದೆ. ಚನ್ನಪಟ್ಟಣದ ಗೊಂಬೆಗೂ ಅರಗೇ ಅಲ್ಲವೇ? "ಗೊಂಬೆ ನೀರಲ್ಲಿ ಕೂರಲ್ಲ ಸಾರ್" ಎಂದಿದ್ದರು ಆಚಾರ್ರು. ಅರಗಿನ ಹೊಳಪಿನ ಮೇಲೆ ನೀರಿನ ಹನಿ ಬಿದ್ದು ಕೂತರೆ ಅಲ್ಲಿ ಬೆಳ್ಳಗೆ ಕಲೆ ಏಳುತ್ತದೆ. ಮೀನು ಸಾಕುವ ಮನೆಯಲ್ಲಿ ವಾರಕ್ಕೊಮ್ಮೆ ನೀರು ಬದಲಿಸಬೇಕು, ಜಾಲರಿ ಜಾಡಿಸಬೇಕು, ಮಕ್ಕಳು ಕೈ ಅದ್ದಬೇಕು. ತಿಂಗಳು ಕಳೆಯುವುದರೊಳಗೆ ಮೇಷ್ಟ್ರ ಮನೆಯ ಸ್ಟ್ಯಾಂಡಿಗೆ ತೊನ್ನು ಹತ್ತಿತು. ಬೆಣೆ ಮಾತ್ರ ನೆಲದ ಹತ್ತಿರ ಇದ್ದದ್ದರಿಂದ ಫಳಫಳ ಹೊಳೆಯುತ್ತಿತ್ತು.

ಎರಡನೆಯ ಗಿರಾಕಿ ವಾಸ್ತು ನಂಬುವವರು. ವಾಸ್ತುವಿನ ಪ್ರಕಾರ ನೀರು ಈಶಾನ್ಯದಲ್ಲಿರಬೇಕು. ಸಂತೋಷ. ಅದೇ ವಾಸ್ತುವಿನ ಪ್ರಕಾರ ಈಶಾನ್ಯ ಹಗುರವಾಗಿರಬೇಕು, ಭಾರವೆಲ್ಲ ನೈಋತ್ಯಕ್ಕೆ ಹೋಗಬೇಕು. "ನೀವೇ ಒಂದು ದಾರಿ ಹೇಳಿ" ಎಂದು ನನ್ನನ್ನೇ ಕೇಳಿದರು. ಭಾರವಿಲ್ಲದ 255 ಲೀಟರ್ ನೀರು ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿದ್ದರೆ ಸ್ಟ್ಯಾಂಡಿನ ವ್ಯಾಪಾರವನ್ನೇ ಮಾಡುತ್ತಿರಲಿಲ್ಲ. ಅವರದು ಎರಡನೇ ಮಹಡಿಯ ಫ್ಲ್ಯಾಟು. ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ನಿವೃತ್ತ ಎಂಜಿನಿಯರು. ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ, ನಿಮ್ಮದು ಅರ್ಧ ಚದರ ಮೀಟರಿನಲ್ಲಿ 350 ಕಿಲೋ ನಿಲ್ಲಿಸುತ್ತದೆ, ಛಾಪಾ ಕಾಗದದ ಮೇಲೆ ಬರೆದುಕೊಡಿ ಎಂದು ಪಟ್ಟು ಹಿಡಿದರು. ಗೋಡೆಯ ಪಕ್ಕ, ತೊಲೆಯ ಮೇಲೆ ಇಟ್ಟರೆ ತೊಂದರೆ ಇಲ್ಲ ಎಂದು ಅವರೇ ಕೊನೆಗೆ ಒಪ್ಪಿದರು. ಆ ತೊಲೆ ಇದ್ದದ್ದು ನೈಋತ್ಯದಲ್ಲಿ. ನೈಋತ್ಯದಲ್ಲಿ ನೀರು ಕೂಡದು. ಸ್ಟ್ಯಾಂಡ್ ನೈಋತ್ಯಕ್ಕೆ ಹೋಯಿತು, ಅದರ ಮೇಲೆ ಟಿವಿ ಬಂತು. ನಾವು ಪೈಪಿಗೆಂದು ಕೊರೆದ ಎರಡು ತೂತಿನಲ್ಲಿ ಕೇಬಲ್ ವೈರು ಒಂದರಲ್ಲಿ, ಪ್ಲಗ್ಗಿನ ವೈರು ಇನ್ನೊಂದರಲ್ಲಿ ಹೇಳಿ ಮಾಡಿಸಿದಂತೆ ತೂರಿದವು. ಈಶಾನ್ಯದಲ್ಲಿ ಒಂದು ಗಾಜಿನ ಬಟ್ಟಲಿನಲ್ಲಿ ಮನಿಪ್ಲಾಂಟ್ ಇಟ್ಟರು.

ಇನ್ನು ಸರ್ಕಾರದ ಕಡೆ ಬರೋಣ. 2020ರ ಜುಲೈ 1ರಿಂದ ಉದ್ಯಮ್ ನೋಂದಣಿ ಬಂದಿತ್ತು. ಆಗಿನ ವ್ಯಾಖ್ಯೆಯಲ್ಲಿ 1 ಕೋಟಿವರೆಗೆ ಹೂಡಿಕೆ, 5 ಕೋಟಿವರೆಗೆ ವಹಿವಾಟು ಇದ್ದವನು 'ಸೂಕ್ಷ್ಮ' ಉದ್ಯಮಿ. 5 ಕೋಟಿಯವನೇ ಸೂಕ್ಷ್ಮವಾದರೆ ನನ್ನನ್ನು ಕಾಣಲು ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಮುದ್ರಾ ಸಾಲದಲ್ಲಿ 50 ಸಾವಿರದವರೆಗಿನದ್ದಕ್ಕೆ 'ಶಿಶು' ಎಂದು ಹೆಸರು. ಸ್ವಯಂನಿವೃತ್ತಿ ಪಡೆದ ನರೆಗೂದಲಿನ ಶಿಶುವಾಗಿ ಬ್ಯಾಂಕಿನ ಬೆಂಚಿನ ಮೇಲೆ ಕೂರಲು ಮನಸ್ಸಾಗದೆ ಕೈಯಿಂದಲೇ ಹಾಕಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಲೇಬೇಕಂತೆ. ಆ ದಿಕ್ಕಿಗೆ ನಾನು ತಲೆ ಹಾಕಿಯೂ ಮಲಗಲಿಲ್ಲ.

ಲೆಕ್ಕ ಹೀಗಿತ್ತು. ಮರ, ಪ್ಲೈವುಡ್, ಕೀಲು, ಪಾಲಿಶು, ಆಚಾರ್ರ ಕೂಲಿ, ಟೆಂಪೊ ಬಾಡಿಗೆ ಎಲ್ಲ ಸೇರಿ ಒಂದು ಸ್ಟ್ಯಾಂಡಿಗೆ 16 ಸಾವಿರ ಚಿಲ್ಲರೆ. ನಾನು ಹೇಳುತ್ತಿದ್ದದ್ದು 18 ಸಾವಿರ. ಬಂದವರು ಬಾಗಿಲು ತೆಗೆದು ಮುಚ್ಚಿ, ಕುಸುರಿ ಸವರಿ, "ಬಹಳ ಚೆನ್ನಾಗಿದೆ" ಎಂದು ಬೆಲೆ ಕೇಳುತ್ತಿದ್ದರು. ಆಮೇಲೆ ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದರು. ಒಬ್ಬರು ಬಾಯಿಬಿಟ್ಟೇ ಹೇಳಿದರು: "ತೊಟ್ಟಿ ನಾಲ್ಕೂವರೆ ಸಾವಿರ, ಮೀನು ಮುನ್ನೂರು ರೂಪಾಯಿ. ಕೆಳಗಿಂದಕ್ಕೆ ಹದಿನೆಂಟು ಸಾವಿರವಾ ಸ್ವಾಮಿ?"

"ಮೀನು ಎರಡು ವರ್ಷ ಇದ್ರೆ ಹೆಚ್ಚು, ಸ್ಟ್ಯಾಂಡು ಐವತ್ತು ವರ್ಷ ಇರತ್ತೆ ಸಾರ್."

"ಮೀನು ಸತ್ತ ಮೇಲೆ ನಲವತ್ತೆಂಟು ವರ್ಷ ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಕೊಂಡವರು ತಾವೇ ಕಂಡುಕೊಂಡರು. ಒಂದರ ಮೇಲೆ ಟಿವಿ ಇದೆ ಎಂದೆನಲ್ಲ, ಇನ್ನೊಂದು ದೇವರ ಮಂಟಪಕ್ಕೆ ಪೀಠವಾಗಿದೆ. ಫಿಲ್ಟರ್ ಇಡಲು ಮಾಡಿದ ಗೂಡಿನಲ್ಲಿ ಗಂಧ, ಕರ್ಪೂರ, ಹತ್ತಿಬತ್ತಿ. ಮತ್ತೊಂದು ಮನೆಯಲ್ಲಿ ಅದು ದಿನಸಿಯ ಕಪಾಟು. ನೀರಿಗೆ ಜಗ್ಗದ ಹಲಗೆ ಆದ್ದರಿಂದ ಬೇಳೆಗೆ ಥಂಡಿ ಹಿಡಿಯುವುದಿಲ್ಲವಂತೆ, ಆ ಮನೆಯಾಕೆ ಫೋನು ಮಾಡಿ ಹೊಗಳಿದರು. ಒಬ್ಬರು ಹೊಲಿಗೆ ಮೆಷಿನ್ನು ಕೂರಿಸಿದ್ದಾರೆ. ನಾನು ಮಾಡಿದ ಸ್ಟ್ಯಾಂಡುಗಳ ಪೈಕಿ ಇವತ್ತು ಮೀನನ್ನು ಹೊತ್ತು ನಿಂತಿರುವುದು ಮೇಷ್ಟ್ರ ಮನೆಯದೊಂದೇ, ತೊನ್ನಿನ ಸಮೇತ.

ಆಚಾರ್ರು ಈಗ ಮಾಡ್ಯುಲರ್ ಕಿಚನ್ ಮಾಡುವ ಕಡೆ ಮೇಸ್ತ್ರಿಯಾಗಿದ್ದಾರೆ, ಕೈತುಂಬ ಕೆಲಸ. ಎದುರಿಗೆ ಸಿಕ್ಕಿದರೆ ಬೈಕು ನಿಲ್ಲಿಸಿ, "ಮೀನು ಹೆಂಗವ್ವೆ ಸಾರ್?" ಎಂದು ಕೇಳುತ್ತಾರೆ, ನಗುವುದಿಲ್ಲ. ಅವರು ನಗದೇ ಇರುವುದು ನನಗೆ ಹೆಚ್ಚು ಕಷ್ಟ.

ನನ್ನ ಕಾರು ಶೆಡ್ಡಿನಲ್ಲಿ ಇನ್ನೂ ಎರಡು ಸ್ಟ್ಯಾಂಡ್ ಇವೆ. ಒಂದು ಸಾದಾ, ಒಂದು ಆನೆಮೀನಿನ ಬಾಗಿಲಿನದು. ಎರಡಕ್ಕೂ ಹಿಂದೆ ಪೂರ್ತಿ ಹಲಗೆ ಇದೆ, ಐದು ಜನ ನಿಂತು ಎಡಕ್ಕೂ ಬಲಕ್ಕೂ ಓಲಾಡಿ ನೋಡಬಹುದು. ಅಸಲು ಬಂದರೆ ಸಾಕು, ಆನೆಮೀನಿನದಕ್ಕೆ ಕುಸುರಿಯ ದುಡ್ಡು ಬಿಟ್ಟುಕೊಡುತ್ತೇನೆ. ಸಾಗಣೆ ನಿಮ್ಮದು, ಮೀನು ಕಡ್ಡಾಯವಲ್ಲ. ಕೊಳ್ಳುವ ಮನಸ್ಸಿದ್ದವರು ಬರುವ ಮುಂಚೆ ಮನೆಯ ನೆಲಕ್ಕೆ ಒಮ್ಮೆ ರಸಮಟ್ಟ ಇಟ್ಟು ನೋಡಿಕೊಂಡು ಬನ್ನಿ. ಗುಳ್ಳೆ ಯಾವ ಕಡೆಗೆ ಓಡಿದರೂ ಸರಿ, ನಿಮ್ಮ ತಾತನವರ ವಿಷಯ ನಾನು ಎತ್ತುವುದಿಲ್ಲ.